ಗ್ರಹಣಕ್ಕೆ ಹೊರಟ ವ್ಯಾನು

ಕೀಲಿ ತಿರುಗಿಸಿದೆ. ವ್ಯಾನಿನ ಇಂಜಿನ್ ಕುರ್ ಕುರ್ ಕುರ್ ಎಂದು ಒಳ್ಳೇ ಹುರುಪಿನಿಂದಲೇ ತಿರುಗಿತು, ಆದರೆ ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಅದೇ ಕುರ್ ಕುರ್. ಆಗ ಗಂಟೆ ಒಂಬತ್ತೂ ಹತ್ತು. ಹನ್ನೊಂದು ನಲವತ್ತೆರಡಕ್ಕೆ ಸೂರ್ಯ ಪೂರ್ತಿ ಮರೆಯಾಗುವವನಿದ್ದ, ಆದರೆ ನಮ್ಮ ಬೀದಿಯಲ್ಲಲ್ಲ. ಇಲ್ಲಿ ಉಗುರಿನಷ್ಟು ಉಳಿದೇ ಉಳಿಯುತ್ತಿದ್ದ. ಪೂರ್ಣಗ್ರಹಣ ಬೇಕೆಂದರೆ ಗುಡ್ಡ ಹತ್ತಿ ಅರವತ್ತು ಕಿಲೋಮೀಟರ್ ದೂರದ ಬಯಲಿಗೆ ಹೋಗಲೇಬೇಕಿತ್ತು. ಅಲ್ಲಿ ಕತ್ತಲು ಎರಡು ನಿಮಿಷ ಹನ್ನೊಂದು ಸೆಕೆಂಡ್ ನಿಲ್ಲುತ್ತದೆ ಎಂದು ಮಾವ ಲೆಕ್ಕ ಹಾಕಿ ಇಟ್ಟಿದ್ದರು.

ಮಾವ ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಮದುಮಗನ ಹಾಗೆ ಕುಳಿತಿದ್ದರು. ವಯಸ್ಸು ಎಪ್ಪತ್ತೆಂಟು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಪೂರ್ಣಗ್ರಹಣವನ್ನು ಕಪ್ಪು ಹಲಗೆಯ ಮೇಲೆ ನೂರಾರು ಸಲ ಬರೆದಿದ್ದಾರೆ, ಕಣ್ಣಾರೆ ಒಂದನ್ನೂ ಕಂಡಿಲ್ಲ. ಮೊದಲನೆಯದಕ್ಕೆ ಮೋಡ ಅಡ್ಡ ಬಂತು. ಎರಡನೆಯದಕ್ಕೆ ಚೀಲ ಹೆಗಲಿಗೇರಿಸಿ ಹೊಸಿಲು ದಾಟುವಷ್ಟರಲ್ಲಿ ಅತ್ತೆಗೆ ಹೆರಿಗೆ ನೋವು ಬಂತು, ನನ್ನ ಗಂಡ ಹುಟ್ಟಿದ. ಅದೊಂದನ್ನು ಮಾವ ಮಗನಿಗೆ ಇನ್ನೂ ಕ್ಷಮಿಸಿಲ್ಲ. ಈ ಸೀಮೆಗೆ ಇನ್ನೊಂದು ಬರುವುದು ಅರವತ್ತು ವರ್ಷದ ಮೇಲೆ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಆ ಮಗರಾಯ ಕೆಲಸದ ಮೇಲೆ ಕಾರು ತೆಗೆದುಕೊಂಡು ಹೋಗಿ ಮೂರು ದಿನವಾಗಿತ್ತು. ಊರಿನ ಬಾಡಿಗೆ ಗಾಡಿಗಳೆಲ್ಲ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದ್ದವು. ನಮಗೆ ಉಳಿದದ್ದು ನನಗಿಂತ ಎರಡೇ ವರ್ಷ ಚಿಕ್ಕದಾದ ಈ ಕ್ಯಾಂಪರ್ ವ್ಯಾನು. ಹಿಂದೆ ಮಂಚ, ಮಂಚದ ಕೆಳಗೆ ಇಂಜಿನ್, ಪಕ್ಕದಲ್ಲಿ ಅಂಗೈಯಗಲದ ಒಲೆ. ಕಣ್ಣಿನ ಆಪರೇಷನ್ ಆದಮೇಲೆ ಮಾವ ಗ್ರಹಣದ ಕನ್ನಡಕ ಹಾಕಿಕೊಂಡೂ ಸೂರ್ಯನ ಕಡೆ ಮುಖ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವರು ವ್ಯಾನಿನ ಹಿಂಭಾಗವನ್ನು ಕತ್ತಲ ಕೋಣೆ ಮಾಡಿದ್ದರು. ಕಿಟಕಿಗಳಿಗೆ ಕಪ್ಪು ಬಟ್ಟೆ, ಸಂದಿಗೊಂದಿಗೆಲ್ಲ ಟೇಪು, ಚಾವಣಿಯಲ್ಲಿ ಒಂದೇ ಒಂದು ಸೂಜಿತೂತು. ಅದರಿಂದ ಒಳಗಿನ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಬೇಕು, ಅದು ಸವೆಯುವುದನ್ನು ಕುಳಿತು ನೋಡಬೇಕು. ಪೂರ್ತಿ ಮುಚ್ಚಿದಾಗ ಮಾತ್ರ ಹೊರಗೆ ಬಂದು ಬರಿಗಣ್ಣಿನಲ್ಲಿ ನೋಡುವುದು. ಅಷ್ಟಕ್ಕೆ ಡಾಕ್ಟರ ಒಪ್ಪಿಗೆ ಇತ್ತು.

"ಬ್ಯಾಟರಿ ಹೋಗಿದೆ ಕಣಮ್ಮಾ!" ಎದುರು ಮನೆಯ ಕ್ಷೌರಿಕ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟ. ಅವನಿಗೆ ಯಾವುದೇ ಗಾಡಿ ನಿಂತರೂ ಬ್ಯಾಟರಿಯೇ ಹೋಗಿರುತ್ತದೆ.

"ಬ್ಯಾಟರಿ ಹೋಗಿದ್ರೆ ಇದು ತಿರುಗ್ತಾನೇ ಇರ್ಲಿಲ್ಲ. ನಿಮ್ಮ ಗಿರಾಕಿ ಅರ್ಧ ಗಡ್ಡ ಇಟ್ಕೊಂಡು ಕಾಯ್ತಿದಾರೆ, ಹೋಗಿ," ಎಂದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೆಳಗಿಳಿದು ಚಕ್ರಕ್ಕೆ ಒಂದು ಒದೆ ಕೊಟ್ಟೆ. ಮಾವ ಮಾತ್ರ ಪಾಠ ಶುರುಮಾಡಿದರು.

"ಗಾಬರಿ ಬೇಡ. ಇಂಜಿನ್‌ಗೆ ಬೇಕಾದ್ದು ಮೂರೇ. ಪೆಟ್ರೋಲು, ಕಿಡಿ, ಗಾಳಿ. ಒಂದೊಂದಾಗಿ ನೋಡೋಣ. ಒಂದು ಸಲಕ್ಕೆ ಒಂದೇ."

ನಾನು ಹೊಲಿಗೆ ಮಷಿನ್ ರಿಪೇರಿ ಮಾಡುವವಳು. ಹದಿನಾಲ್ಕು ವರ್ಷದಿಂದ ಕೈಯಲ್ಲಿ ಎಣ್ಣೆ, ಬಾಯಲ್ಲಿ ಸ್ಕ್ರೂ. ವ್ಯಾನಿನ ಇಂಜಿನ್ ಅದಕ್ಕಿಂತ ಬೇರೆ ಜಾತಿಯೇನಲ್ಲ, ಗಾತ್ರ ದೊಡ್ಡದು ಅಷ್ಟೇ ಎಂದು ನನ್ನ ನಂಬಿಕೆ. ಹಿಂಬಾಗಿಲು ಎತ್ತಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಒದ್ದೆ, ಮಸಿಗಪ್ಪು, ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ.

"ಪೆಟ್ರೋಲ್ ಬರ್ತಿದೆ ಮಾವಾ! ಬೇಕಾದ್ದಕ್ಕಿಂತ ಜಾಸ್ತೀನೇ ಬರ್ತಿದೆ!"

"ಬರ್ಕೊಂಡೆ. ಈಗ ಕಿಡಿ," ಎಂದು ಮಾವ ತಮ್ಮ ನೋಟ್‌ಪುಸ್ತಕದಲ್ಲಿ ಗುರುತು ಹಾಕಿದರು.

ಪೆಟ್ರೋಲಿನ ಆವಿ ಆರಲೆಂದು ಅರ್ಧ ಗಂಟೆ ಕಾದೆವು. ಆ ಪ್ಲಗ್ಗನ್ನು ಒರೆಸಿ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರ, ವ್ಯಾನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದೆ. ಮಾವ ಕೀಲಿ ತಿರುಗಿಸಿದರು. ಚಟ್! ನೀಲಿ ಕಿಡಿ ಹಾರಿತು, ಜೊತೆಗೆ ನನ್ನ ಮೊಣಕೈವರೆಗೂ ಕರೆಂಟು ಹೊಡೆಯಿತು. ನಾನು ಕಿರುಚಿದೆ.

"ಕಿಡಿ ಇದೆಯಾ?" ಮಾವ ಮುಂದಿನಿಂದ ಕೂಗಿದರು.

"ಇದೆ! ನನ್ನ ಮೈಯಲ್ಲೇ ಇದೆ!"

ಮತ್ತೆ ಎಲ್ಲ ಜೋಡಿಸಿ ತಿರುಗಿಸಿದೆವು. ಕುರ್ ಕುರ್ ಕುರ್. ಹತ್ತೂ ಇಪ್ಪತ್ತು. ಬೀದಿಯ ಬಿಸಿಲು ಯಾಕೋ ಸಪ್ಪಗಾಗತೊಡಗಿತ್ತು. ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ದುಂಡು ಬೆಳಕುಗಳಿಗೆಲ್ಲ ಯಾರೋ ಒಂದೊಂದು ಕಡೆ ಕಚ್ಚಿದ ಗುರುತು ಮೂಡಿತ್ತು. ಶುರುವಾಗಿಯೇ ಬಿಟ್ಟಿತ್ತು! ಮಾವ ಆ ಚುಕ್ಕೆಗಳನ್ನು ನೋಡಿದರು. ಪುಸ್ತಕ ಮುಚ್ಚಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

"ಬಿಡಮ್ಮ. ಇಲ್ಲೇ ಅಂಗಳದಲ್ಲಿ ನೋಡಿದ್ರಾಯ್ತು," ಎಂದರು.

"ಏನು ಬಿಡೋದು? ಮೂರನೇದು ನೋಡಿಲ್ಲ. ಗಾಳಿ?"

"ಗಾಳಿ ಎಲ್ಲಾ ಕಡೆ ಇದೆಯಲ್ಲ, ಅದನ್ನೇನು ನೋಡೋದು!"

ಮೂವತ್ತೈದು ವರ್ಷ ಪಾಠ ಹೇಳಿದವರು ಒಂದು ಹೆಜ್ಜೆ ಹಾರಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನನ್ನ ಅಂಗಡಿಗೆ ಬರುವವರದೂ ಇದೇ ರಾಗ. "ನಾನೇನೂ ಮುಟ್ಟೇ ಇಲ್ಲ, ತಾನಾಗೇ ನಿಂತುಹೋಯ್ತು" ಎನ್ನುತ್ತಾರೆ. ಬಿಚ್ಚಿದರೆ ಒಳಗೆ ಮಗುವಿನ ಗುಂಡಿಯೋ, ಅವರದೇ ಕ್ಲಿಪ್ಪೋ ಇರುತ್ತದೆ. ಅವರಿಗೆ ಕೇಳುವ ಪ್ರಶ್ನೆಯನ್ನೇ ಮಾವನಿಗೂ ಕೇಳಿದೆ.

"ಮಾವಾ, ಹೋದ ವಾರ ಇದು ಒಂದೇ ಏಟಿಗೆ ಸ್ಟಾರ್ಟ್ ಆಗಿತ್ತು. ಆಮೇಲೆ ನೀವು ಏನೇನು ಮುಟ್ಟಿದೀರಿ?"

"ಇಂಜಿನ್ ಮುಟ್ಟೇ ಇಲ್ಲ. ಬೆಳಕು ಬರೋ ಜಾಗ ಮುಚ್ಚಿದೆ, ಅಷ್ಟೇ."

"ಎಲ್ಲೆಲ್ಲಿ?"

"ಕಿಟಕಿ. ಬಾಗಿಲ ಸಂದಿ. ಮಂಚದ ಕೆಳಗಿನ ಮುಚ್ಚಳದಿಂದ ಒಂದು ಎಳೆ ಬೆಳಕು ಬರ್ತಿತ್ತು. ಎಲ್ಲಿಂದ ಅಂತ ಹುಡುಕ್ದೆ. ಬದಿಯ ಜಾಲರಿ ಹಿಂದೆ ಒಂದು ದಪ್ಪ ಕೊಳವೆ ಬಾಯಿ ತೆರ್ಕೊಂಡಿತ್ತು. ಅದಕ್ಕೆ..."

ಅವರ ಬಾಯಿ ಹಾಗೇ ತೆರೆದುಕೊಂಡಿತು. ನಾನು ಆಗಲೇ ಓಡಿದ್ದೆ. ಜಾಲರಿಯ ಹಿಂದಿನ ಕತ್ತಲೊಳಗೆ ಭುಜದವರೆಗೆ ಕೈ ತೂರಿಸಿ ತಡಕಾಡಿ ಎಳೆದೆ. ಒಂದು ಕಪ್ಪು ಕಾಲುಚೀಲ ಬಂತು. ಇನ್ನೊಂದು ಬಂತು. ಅವುಗಳ ಹಿಂದಿನಿಂದ ಒಂದು ಹಳೇ ಉಣ್ಣೆ ಮಫ್ಲರ್, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದಕ್ಕೆ, ಬರುತ್ತಲೇ ಇತ್ತು. ಇಂಜಿನ್ ಉಸಿರೆಳೆಯುವ ಬಾಯಿಗೇ ಮಾವ ಚಳಿಗಾಲದ ಬಟ್ಟೆ ತೊಡಿಸಿದ್ದರು.

"ಅಯ್ಯೋ ದಡ್ಡ ಮೇಷ್ಟ್ರೇ!" ಎಂದು ಮಾವ ತಮ್ಮನ್ನು ತಾವೇ ಬೈದುಕೊಂಡು ಹಣೆ ಚಚ್ಚಿಕೊಂಡರು. ನನಗೆ ನಗುವೋ ನಗು. ನಗುತ್ತಲೇ ನಾಲ್ಕೂ ಪ್ಲಗ್ ಬಿಚ್ಚಿ, ಒರೆಸಿ, ಅರ್ಧ ತಿಂದ ಸೂರ್ಯನ ಬಿಸಿಲಿನಲ್ಲೇ ಆರಿಸಿ ಹಾಕಿದೆ. ಒಳಗೆ ತುಂಬಿದ ಪೆಟ್ರೋಲು ಹೋಗಲೆಂದು ಪೆಡಲನ್ನು ತಳಕ್ಕೆ ಒತ್ತಿ ಹಿಡಿದು ಕೀಲಿ ತಿರುಗಿಸಿದೆ. ಕುರ್ ಕುರ್. ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಕ್ಷೌರಿಕನ ಬಾಗಿಲವರೆಗೂ ಕಪ್ಪು ಹೊಗೆ ಉಗುಳಿ ಗುಡುಗತೊಡಗಿತು!

"ನಾನ್ ಹೇಳಿದ್ನಲ್ಲ, ಬ್ಯಾಟರಿ!" ಎಂದು ಅವನು ಚಪ್ಪಾಳೆ ತಟ್ಟಿದ.

ಹೊರಟಾಗ ಹತ್ತೂ ಐವತ್ತು. ಬಯಲಿಗೆ ಮುಟ್ಟುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ಕಡೆ ಹೋದಷ್ಟೂ ಕತ್ತಲು ಹೆಚ್ಚು ಹೊತ್ತು ನಿಲ್ಲುತ್ತದೆಂದು ಮಾವ ತೊಡೆಯ ಮೇಲೆ ನಕ್ಷೆ ಹರಡಿದರು. ಇಪ್ಪತ್ತೈದನೇ ಕಿಲೋಮೀಟರಿನ ಮೈಲಿಗಲ್ಲು ದಾಟಿದ್ದೇ ತಡ, ಕೂಗಲು ಶುರುಮಾಡಿದರು.

"ಇಲ್ಲಿ ನಿಂತ್ರೂ ಹತ್ತು ಸೆಕೆಂಡ್ ಕತ್ತಲು ಸಿಗುತ್ತೆ!"

"ಹತ್ತು ಯಾರಿಗ್ ಬೇಕು, ಹಿಡ್ಕೊಳಿ!"

"ನಲವತ್ತು! ಸೊಸೆ, ನಲವತ್ತಾಯ್ತು!"

ತಿರುವಿನಲ್ಲಿ ಒಲೆಯ ಪಕ್ಕದ ಪಾತ್ರೆಗಳು ಉರುಳಿದವು. ವ್ಯಾನು ಏರಿನಲ್ಲಿ ಎರಡನೇ ಗೇರಿಗೆ ಇಳಿದು ತೇಗುತ್ತಾ ಹತ್ತಿತು. ಪ್ರತಿ ಕಿಲೋಮೀಟರಿಗೂ ಮಾವನ ಆಯುಷ್ಯಕ್ಕೆ ನಾಲ್ಕಾರು ಸೆಕೆಂಡು ಸೇರಿಸುತ್ತಿದ್ದೇನೆ ಎನಿಸಿ ನನಗೆ ಹುಚ್ಚು ಹಿಡಿದಂತಾಗಿತ್ತು. ಹನ್ನೊಂದು ನಲವತ್ತೊಂದಕ್ಕೆ ಬೆಳಕು ತವರದ ಬಣ್ಣಕ್ಕೆ ತಿರುಗಿತು.

"ನಿಲ್ಸು! ಒಂದು ನಿಮಿಷ ಮೂವತ್ತೆಂಟು! ಸಾಕು!"

ರಸ್ತೆ ಬದಿಗೆ ಎಳೆದು ನಿಲ್ಲಿಸಿದೆ. ಮಾವ ಇಳಿದು, ತಲೆ ತಗ್ಗಿಸಿಕೊಂಡೇ ತಗ್ಗಿನ ಅಂಚಿಗೆ ನಡೆದರು. ನಾನು ಇಳಿಯಲಿಲ್ಲ. ಮಸಿ ಹಿಡಿದ ಇಂಜಿನ್, ಕಾಲು ತೆಗೆದರೆ ಆರಿಬಿಡುತ್ತಿತ್ತು. ಆರಿದರೆ ಈ ಗುಡ್ಡದ ಮೇಲೆ, ಮಂಡಿ ನೋವಿನ ಮುದುಕರನ್ನು ಕಟ್ಟಿಕೊಂಡು ನಾನೇನು ಮಾಡಲಿ? ಪೆಡಲ್ ಒತ್ತಿಕೊಂಡು ಕುಳಿತೆ. ಸೂರ್ಯ ವ್ಯಾನಿನ ನೆತ್ತಿಯ ಮೇಲಿದ್ದ, ನನಗೆ ಕಾಣುತ್ತಿರಲಿಲ್ಲ. ಕಂಡದ್ದು ಒಮ್ಮೆಲೇ ರಸ್ತೆಯ ಮೇಲೆ ಹರಿದುಬಂದ ಕತ್ತಲು, ಅದರೊಳಗೆ ಮುಖವೆತ್ತಿದ ಮಾವ. ಮೇಲಿನ ತಿರುವಿನಿಂದ ಯಾರೋ ಹೋ ಎಂದು ಕೂಗಿದರು. ನೋಡಲಿ, ಕಣ್ತುಂಬ ನೋಡಲಿ ಎಂದುಕೊಂಡೆ.

ಮಾವ ತಿರುಗಿದರು. ಆಕಾಶಕ್ಕೆ ಬೆನ್ನು ಹಾಕಿ, ಕುಂಟುತ್ತಾ ನನ್ನ ಕಡೆಗೇ ಬರತೊಡಗಿದರು. ಏನಾದರೂ ನೋವಾಯಿತೋ ಎಂದು ಹೆದರಿದೆ. ಅವರು ನನ್ನ ಬಾಗಿಲು ತೆಗೆದರು.

"ಇಳಿ."

"ಆರಿಹೋಗುತ್ತೆ ಮಾವಾ! ಹೋಗಿ, ನೀವು ನೋಡಿ!"

"ಆರ್ಲಿ. ಇಳಿ."

ನನ್ನನ್ನು ದಾಟಿ ಕೈಚಾಚಿ ಕೀಲಿ ತಿರುಗಿಸಿಯೇಬಿಟ್ಟರು. ಗುಡ್ಡವೆಲ್ಲ ಗಪ್ಪಾಯಿತು. ರಟ್ಟೆ ಹಿಡಿದು ಎಳೆದರು. ನಾನು ತಲೆ ಎತ್ತಿದೆ.

ಅಲ್ಲಿ ಕಂಡದ್ದನ್ನು ಹೇಳಲು ನನಗೆ ಬರುವುದಿಲ್ಲ. ಕರಿಯ ಗುಂಡು, ಅದರ ಸುತ್ತ ಬೆಳ್ಳಗಿನ ಕೂದಲು. ನಾನು ಕಿರುಚಿದೆ, ಮಾವನೂ ಕಿರುಚಿದರು. ಇಬ್ಬರೂ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಕುಣಿದೆವು. ಅಂಚಿನಲ್ಲಿ ಒಂದು ಬೆಳಕಿನ ಚುಕ್ಕೆ ಸಿಡಿದದ್ದೇ, ನಾನು ಅವರ ಕಣ್ಣಿಗೆ ಅಂಗೈ ಅಡ್ಡ ಹಿಡಿದೆ.

ಆಮೇಲೆ ಸ್ಟಾಪ್‌ವಾಚ್ ನೋಡಿ ನನಗೆ ಪಿತ್ತ ನೆತ್ತಿಗೇರಿತು.

"ಇಷ್ಟು ವರ್ಷ ಕಾದಿದ್ದೀರಿ! ನನ್ನ ಹತ್ರ ಬಂದು ಹೋಗೋದ್ರಲ್ಲಿ ಅರ್ಧ ನಿಮಿಷ ಹಾಳು ಮಾಡ್ಕೊಂಡ್ರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೀನು ನೋಡ್ದೇ ಹೋಗಿದ್ರೆ, ಮನೆಗೆ ಹೋಗಿ ನಾನು ಯಾರ ಜೊತೆ ಮಾತಾಡ್ಲಿ?"

ನಾನು ಆ ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.