ನೂಕಪ್ಪನ ಗಾಡಿಯ ಜೋಡಿ ಬ್ಯಾಟರಿ

"ನೂಕ್ರಪ್ಪಾ, ಇನ್ನೊಂಚೂರು ನೂಕಿ!" ಎಂಬ ಕೂಗು ಕೇಳಿದರೆ ಆ ಬೀದಿಯಲ್ಲಿ ಯಾರೂ ಕಿಟಕಿ ತೆರೆದು ನೋಡುತ್ತಿರಲಿಲ್ಲ. ನೋಡಿದರೆ ತಾವೂ ಇಳಿದು ನೂಕಬೇಕಲ್ಲ! ಕೂಗುತ್ತಿದ್ದವನು ಬೇಕರಿ ಮುಚ್ಚಿ ಮನೆಯಲ್ಲಿದ್ದ ಯಜಮಾನ. ನೂಕಿಸಿಕೊಳ್ಳುತ್ತಿದ್ದುದು ಅವನ ಮೋಟಾರ್ ಹೋಮ್. ಒಳಗೇ ಹಾಸಿಗೆ, ಒಲೆ, ಸಿಂಕು, ಕಿಟಕಿಗೆ ಹೂವಿನ ಪರದೆ. ಚಕ್ರದ ಮೇಲಿನ ಪುಟ್ಟ ಮನೆ. ಕೂಗಿ ಕೂಗಿ ಅವನಿಗೆ ನೂಕಪ್ಪ ಎಂಬ ಹೆಸರೇ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಆವತ್ತು ಮಾತ್ರ ಯಾರಿಗೂ ನಗು ಬರಲಿಲ್ಲ. ಗಾಡಿಯೊಳಗೆ ಅವನ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಮಲಗಿದ್ದಳು. ಅವಳ ಕಣ್ಣು ದಿನದಿನಕ್ಕೂ ಮಂಜಾಗುತ್ತಿತ್ತು. "ಇದಕ್ಕೆ ಮದ್ದಿಲ್ಲಮ್ಮ. ನೋಡ್ಬೇಕು ಅಂದ್ಕೊಂಡಿದ್ದನ್ನ ಈಗ್ಲೇ ನೋಡಿಬಿಡಿ" ಎಂದಿದ್ದರು ಡಾಕ್ಟರು. ಅತ್ತಿಗೆ ಕೇಳಿದ್ದು ಒಂದನ್ನೇ, ಸಮುದ್ರ. ಹುಟ್ಟಿದಾಗಿನಿಂದ ಅದನ್ನು ಕಂಡವಳಲ್ಲ. ಬೆನ್ನುನೋವಿನಿಂದ ಹೆಚ್ಚು ಹೊತ್ತು ಕೂರಲಾರಳು, ಮಲಗಿಕೊಂಡೇ ಹೋಗಬೇಕು. ಅದಕ್ಕೆ ಈ ಗಾಡಿಯೇ ಗತಿ.

ನೂಕಪ್ಪ ಕೀ ತಿರುಗಿಸಿದ. ಟಿಕ್. ಮತ್ತೆ ತಿರುಗಿಸಿದ. ಟಿಕ್ ಟಿಕ್. ಕೊನೆಗೆ ಇಡೀ ಬೀದಿಯೇ ನೂಕಿತು. ಗಾಡಿ ಇಳಿಜಾರಿನ ತುದಿಗೆ ಹೋಗಿ, ಮುನಿಸಿಕೊಂಡ ಎಮ್ಮೆಯಂತೆ ನಿಂತುಬಿಟ್ಟಿತು.

"ಹೋಗ್ಲಿ ಬಿಡಿ" ಎಂದಳು ಅತ್ತಿಗೆ ಒಳಗಿನಿಂದ. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ."

ಸಮುದ್ರ ಹೋಗುವುದಿಲ್ಲ, ಕಣ್ಣು ಹೋಗುತ್ತದೆ. ನೂಕಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕೂತ.

ಅಷ್ಟರಲ್ಲಿ ಅತ್ತಿಗೆಯ ಮಗಳು ಬಂದಳು. ಆಂಬುಲೆನ್ಸ್ ಓಡಿಸುವ ಗಟ್ಟಿಗಿತ್ತಿ. ಕೆಲಸ ಮುಗಿಸಿ, ಅಮ್ಮನನ್ನು ಕಳಿಸಿಕೊಡೋಣವೆಂದು ಬಂದಿದ್ದಳು.

"ಏನ್ ಚಿಕ್ಕಪ್ಪ, ಇನ್ನೂ ಇಲ್ಲೇ ಇದ್ದೀರಾ?"

"ಎಂಜಿನ್ ಕೈ ಕೊಟ್ಟಿದೆ ಕಣಮ್ಮ. ಬ್ಯಾಟರಿ ಅಂತೂ ಅಲ್ಲ. ಹೋದ ವರ್ಷ ತಾನೇ ಹೊಸದು ಹಾಕ್ಸಿದ್ದೀನಿ."

"ಎಷ್ಟು ಹಾಕ್ಸಿದ್ರಿ?"

"ಒಂದು. ಇನ್ನೊಂದು ಚೆನ್ನಾಗೇ ಇತ್ತಲ್ಲ, ಸುಮ್ನೆ ಯಾಕೆ ದಂಡ?"

ಅವಳು ಡ್ರೈವರ್ ಕಾಲಬುಡದ ಮುಚ್ಚಳ ಎತ್ತಿದಳು. ಒಳಗೆ ಎರಡು ಪೆಟ್ಟಿಗೆ, ಒಂದು ಹೊಸದು, ಒಂದು ಹಳೆಯದು. ತಂತಿ ಕೂರುವ ಜಾಗದಲ್ಲಿ ಬಿಳಿ ಹಸಿರು ಪುಡಿ ಬೂಷ್ಟಿನಂತೆ ಬೆಳೆದಿತ್ತು.

"ಒಳಗಿನ ದೀಪ, ಫ್ಯಾನಿಗೆ ಬೇರೆ ಬ್ಯಾಟರಿ ಇದೆ. ಇವೆರಡೂ ಸೇರಿ ಎಂಜಿನ್ ಎಬ್ಬಿಸ್ಬೇಕು. ಚಿಕ್ಕಪ್ಪ, ಹಳಸಿದ ಹಿಟ್ಟಿಗೆ ಹೊಸ ಹಿಟ್ಟು ಕಲಸಿದ್ರೆ ಏನಾಗುತ್ತೆ?"

"ಪೂರ್ತಿ ಹಿಟ್ಟೇ ಹಾಳು" ಎಂದ ಬೇಕರಿಯವನು ತಟ್ಟನೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ಇಲ್ಲೂ ಅದೇ ಕಥೆ. ಹಳೇದು ತಾನೂ ಚಾರ್ಜ್ ಹಿಡಿಯಲ್ಲ, ಹೊಸದನ್ನೂ ಖಾಲಿ ಮಾಡುತ್ತೆ. ಬದಲಾಯ್ಸಿದ್ರೆ ಎರಡನ್ನೂ ಒಟ್ಟಿಗೇ ಬದಲಾಯ್ಸಬೇಕು. ಒಂದೇ ಥರದ್ದು, ಒಂದೇ ಅಳತೆಯದ್ದು."

ನೂಕಪ್ಪ ಸುಲಭಕ್ಕೆ ಸೋಲುವ ಆಸಾಮಿಯಲ್ಲ. "ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿಡ್ತೀನಲ್ಲೇ! ಬೇಕರಿ ಒಲೇನ ನಾನು ಒಂದಿನಾನೂ ಆರೋಕೆ ಬಿಟ್ಟೋನಲ್ಲ."

"ಅಯ್ಯೋ, ಕೆಟ್ಟಿದ್ದೇ ಅದರಿಂದ! ಎಬ್ಬಿಸೋಕೆ ಖರ್ಚಾಗಿದ್ದು ಐದು ನಿಮಿಷದಲ್ಲಿ ವಾಪಸ್ ಬರಲ್ಲ ಚಿಕ್ಕಪ್ಪ. ದಿನಾ ಉಣ್ಣಿಸ್ತಿದ್ದೀನಿ ಅಂದ್ಕೊಂಡು ದಿನಾ ಕಿತ್ಕೊಂಡಿದ್ದೀರಿ. ಗಾಡಿ ನಿಂತಿರೋವಾಗ, ತುಂಬಿದ ಮೇಲೆ ತಾನೇ ತಗ್ಗೋ ಚಾರ್ಜರ್ ಹಾಕಿಡಿ. ಇಲ್ಲಾ ಮೈನಸ್ ತಂತಿ ಬಿಚ್ಚಿಡಿ. ಸ್ಟಾರ್ಟ್ ಮಾಡಿದ್ರೆ ದೂರ ಓಡಿಸಿ."

ನೂಕಪ್ಪ ಪೆಚ್ಚಾದ. ಪ್ರೀತಿಯಿಂದ ಮಾಡಿದ್ದೇ ಮುಳುವಾಗಿತ್ತು.

ಅಂಗಡಿಯಿಂದ ಹೊಸ ಜೋಡಿ ಬಂತು. ಕೈಗವಸು, ಕನ್ನಡಕ ಹಾಕಿಕೊಂಡದ್ದಾಯಿತು. "ಉಂಗುರ ತೆಗೀರಿ. ಸ್ಪ್ಯಾನರ್‌ಗೂ ಅದಕ್ಕೂ ಕರೆಂಟ್ ಹರಿದ್ರೆ ಬೆರಳೇ ಸುಡುತ್ತೆ" ಎಂದಳು ಹುಡುಗಿ. ಮದುವೆಯ ಉಂಗುರ ಸೋಪು ಹಚ್ಚಿದ ಮೇಲೆ ಕಷ್ಟಪಟ್ಟು ಕಳಚಿಕೊಂಡಿತು. "ಇಷ್ಟು ಸುಲಭಕ್ಕೆ ಬಿಡಲ್ಲ ನಾನು" ಎಂದು ಹೆಂಡತಿ ನಕ್ಕಳು. ಸಿಗರೇಟು ಕಚ್ಚಿಕೊಂಡು ಇಣುಕಿದ ಎದುರುಮನೆಯವನನ್ನು ಹುಡುಗಿ ಗದರಿಸಿ ಓಡಿಸಿದಳು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತದೆ, ಹತ್ತಿರ ಕಿಡಿ ಸುಳಿಯಬಾರದು.

ಕೀ ಆಫ್ ಇದೆಯೇ, ಹೊರಗಿನ ಕರೆಂಟಿನ ವೈರು ಸಿಕ್ಕಿಸಿಲ್ಲ ತಾನೇ ಎಂದು ನೋಡಿಕೊಂಡದ್ದಾಯಿತು. ಯಾವ ತಂತಿ ಎಲ್ಲಿತ್ತು ಎಂದು ಫೋನಿನಲ್ಲಿ ಫೋಟೋ ತೆಗೆದರು.

"ಬಿಚ್ಚೋವಾಗ ಮೈನಸ್ ಮೊದಲು. ಹಾಕೋವಾಗ ಮೈನಸ್ ಕೊನೆಗೆ. ಹೇಳಿ ಚಿಕ್ಕಪ್ಪ."

ನೂಕಪ್ಪ ಮಗ್ಗಿ ಒಪ್ಪಿಸುವಂತೆ ಹೇಳಿದ. ಪುಡಿ ಹಿಡಿದ ತಂತಿಯ ತುದಿಗಳನ್ನು ತೊಳೆಯಲು ಅಡುಗೆ ಸೋಡಾ ಬೇಕಿತ್ತು. ಬೇಕರಿಯವನ ಮನೆಯಲ್ಲಿ ಸೋಡಾಕ್ಕೆ ಬರವೇ! ನೀರಿಗೆ ಕಲಸಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ ಒಣಗಿಸಿದರು. ಹೊಸ ಬ್ಯಾಟರಿಗಳು ಅಲುಗಾಡದಂತೆ ಪಟ್ಟಿ ಬಿಗಿದು, ತಂತಿಗಳನ್ನು ಭದ್ರ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರು.

"ಇದರೊಳಗೆ ತಿರುಗೋದೇನೇ?" ಎಂದು ನೂಕಪ್ಪ ಕೇಳಿದ.

"ಏನೂ ತಿರುಗಲ್ಲ. ಸೀಸದ ತಟ್ಟೆ, ಆಸಿಡ್ಡು, ಅಷ್ಟೇ."

"ಅಷ್ಟೇನಾ!"

ಅವನು ಕೀ ತಿರುಗಿಸಿದ. ಟಿಕ್ ಎನ್ನಲಿಲ್ಲ. ಗುರ್ರೆಂದು ಇಡೀ ಮನೆಯೇ ಎದ್ದಿತು! ಕಪಾಟಿನ ಲೋಟಗಳು ಕಿಣಿಕಿಣಿ ಅಂದವು, ಪರದೆಯ ಹೂವುಗಳು ನಡುಗಿದವು. ಸದ್ದಿಲ್ಲದೆ, ಹೊಗೆಯಿಲ್ಲದೆ ಕೂತಿದ್ದ ಕಪ್ಪು ಪೆಟ್ಟಿಗೆಗಳಿಗೆ ಇಷ್ಟು ತ್ರಾಣವೇ! ನೂಕಪ್ಪ ಬಾಯಿ ತೆರೆದು ಕೂತುಬಿಟ್ಟ. ಜೀವಮಾನವಿಡೀ ಹಿಟ್ಟು ಉಬ್ಬುವುದನ್ನು ಕಂಡು ಬೆರಗಾದವನಿಗೆ ಇದು ಎರಡನೆಯ ಬೆರಗು.

ಮಾರನೆಯ ಬೆಳಿಗ್ಗೆ ಅವರು ದಡದ ಬಂಡೆಗಳ ಪಕ್ಕ ಇದ್ದರು. ಅತ್ತಿಗೆ ಗಾಡಿಯ ಮೆಟ್ಟಿಲ ಮೇಲೆ ಕೂತು ನೋಡಿದಳು. "ಇಷ್ಟೊಂದಾ?" ಎಂದಳು ಕೊನೆಗೆ, ತಂಗಿಯ ಕೈ ಹಿಡಿದು. "ಯಾರೂ ಹೇಳೇ ಇರ್ಲಿಲ್ಲ ನಂಗೆ, ಇಷ್ಟೊಂದು ಅಂತ." ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕಣ್ಣು ಮುಚ್ಚಬೇಕಾಗುತ್ತದೆಂದು ಹಾಗೇ ಬಿಟ್ಟಳು. ಹೊರಡುವಾಗ ಅಲ್ಲಿ ನೂಕಲು ನರಪಿಳ್ಳೆಯೂ ಇರಲಿಲ್ಲ. ಗಾಡಿ ಒಂದೇ ಕೀಗೆ ಎದ್ದಿತು.

ಈಗ ಅತ್ತಿಗೆಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೊನ್ನೆ ಗಾಡಿಯ ಮೇಲೆ ಕೈಯಿಟ್ಟು, "ಒಂದ್ಸಲ ಸ್ಟಾರ್ಟ್ ಮಾಡಿ, ಆ ಸದ್ದು ಕೇಳಿದ್ರೆ ನಂಗೆ ಸಮುದ್ರ ಕಾಣುತ್ತೆ" ಎಂದಳು.

"ಸುಮ್ನೆ ಸ್ಟಾರ್ಟ್ ಮಾಡೋ ಹಾಗಿಲ್ಲ ಅತ್ತಿಗೆ, ಬ್ಯಾಟರಿಗೆ ಕೇಡು" ಎಂದ ನೂಕಪ್ಪ. "ಹತ್ತಿ, ಸಮುದ್ರದವರೆಗೂ ಹೋಗಿಬರೋಣ."

ಓದುತ್ತಿರುವವರೇ, ನಿಮ್ಮ ಗಾಡಿಯ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ. ಪುಡಿ ಹಿಡಿದಿದೆಯೇ, ತಂತಿ ಸಡಿಲವಾಗಿದೆಯೇ? ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಒಳಗಿನ ತಟ್ಟೆಗಳು ಮುಳುಗಿವೆಯೇ? ಇಲ್ಲವಾದರೆ ಬ್ಯಾಟರಿ ನೀರನ್ನೇ ಹಾಕಿ, ನಲ್ಲಿ ನೀರು ಬೇಡ. ವಯಸ್ಸಾಗಿದ್ದರೆ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ಜೋಡಿಯಾಗಿಯೇ ಬದಲಿಸಿ. ಹಳೆಯದನ್ನು ತಿಪ್ಪೆಗೆ ಎಸೆಯದೆ ಅಂಗಡಿಗೇ ಮರಳಿಸಿ. ಧೈರ್ಯ ಸಾಲದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ, ನಾಚಿಕೆ ಬೇಡ. ಆದರೆ ಇವತ್ತೇ ನೋಡಿ. ನಿಮ್ಮ ಗಾಡಿಯೊಳಗೂ ಯಾರೋ ಒಬ್ಬರು ಹೊರಡಲು ಕಾಯುತ್ತಿರಬಹುದು.