ತೂಗುದೀಪದ ಜೊತೆಗಿದ್ದ ಒಳಲೆ

ಹರಾಜು ಹಾಕುವವರಷ್ಟು ಜಾಣರನ್ನು ನಾನು ಕಾಣೆ. ಯಾರೂ ಮೂಸಿ ನೋಡದ ಹತ್ತು ಸಾಮಾನಿನ ನಡುವೆ ಎಲ್ಲರೂ ಬಾಯಿಬಿಡುವಂಥ ಒಂದನ್ನಿಟ್ಟು, ಎಲ್ಲಕ್ಕೂ ಸೇರಿಸಿ ಒಂದು ಚೀಟಿ ಅಂಟಿಸಿ, ‘ಲಾಟು’ ಎಂದುಬಿಡುತ್ತಾರೆ. ಬೇಕಾದರೆ ಪೂರ್ತಿ ಹೊತ್ತುಕೊಂಡು ಹೋಗಿ, ಬೇಡವಾದರೆ ಬಾಯಿ ಮುಚ್ಚಿಕೊಂಡು ಕೂತಿರಿ. ಆ ಶನಿವಾರ ಮೈಸೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ಹರಾಜಿನಲ್ಲಿ ಕಂಚಿನ ತೂಗುದೀಪವೊಂದರ ಜೊತೆ ಎರಡು ಪಂಚಪಾತ್ರೆ, ಹಿಡಿ ಮುರಿದ ಶಾವಿಗೆ ಒರಳು, ನಾಲ್ಕು ಹಿತ್ತಾಳೆ ಒಳಲೆ ಸೇರಿಕೊಂಡಿದ್ದವು. ಒಳಲೆ ಗೊತ್ತಲ್ಲ, ಹಸುಗೂಸಿಗೆ ಹಾಲು ಹಾಕುವ, ಮೂತಿಯಿರುವ ಪುಟ್ಟ ಬಟ್ಟಲು. ರಮಾಮಣಿಗೆ ಬೇಕಾಗಿದ್ದದ್ದು ಆ ನಾಲ್ಕರಲ್ಲಿ ಒಂದು, ಅಷ್ಟೆ.

ವಿಷಯ ಅವಳಿಗೆ ತಿಳಿದದ್ದೇ ಆವತ್ತು ಬೆಳಿಗ್ಗೆ. ಮೈದುನ ಸುಂದರೇಶ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ, ‘ನಮ್ಮ ಅಟ್ಟದ ಸಾಮಾನು ಇವತ್ತು ಹರಾಜು’ ಎಂದು ಮೆರೆದಿದ್ದ. ತೂಗುದೀಪದ ಹಿಂದೆ ಒಳಲೆಗಳ ಮೂತಿಗಳು ಇಣುಕುತ್ತಿದ್ದವು. ರಮಾಮಣಿ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಫೋನು ಮಾಡಿದಳು.

“ಅಟ್ಟದಲ್ಲಿದ್ದಿದ್ದೆಲ್ಲಾ ಒಟ್ಟಿಗೆ ಮಾರ್ಬುಟ್ಟೆ ಅತ್ತಿಗೆ. ಈಗ ಅದು ಹರಾಜಿನವರದ್ದು,” ಎಂದ ಸುಂದರೇಶ. “ಬೇಕು ಅಂತ ನನಗೊಂದು ಮಾತು ಹೇಳ್ಬಾರ್ದಿತ್ತಾ?”

ಹೇಗೆ ಹೇಳುವುದು? ಅವಳ ಚೊಚ್ಚಲ ಮಗ ವಾಗೀಶ ಹಲ್ಲು ಮೂಡುವ ಮೊದಲೇ ಜ್ವರ ಬಂದು ಹೋಗಿಬಿಟ್ಟಿದ್ದ. ಆಗ ಸುಂದರೇಶ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗ. ಅತ್ತೆ ಮಗುವಿನ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟರು, ತೊಟ್ಟಿಲು ಬಿಚ್ಚಿಸಿದರು, ಒಳಲೆಯನ್ನು ಮನೆಯ ಉಳಿದ ಒಳಲೆಗಳ ಜೊತೆ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದರು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಅವನ ಹೆಸರೆತ್ತಬೇಡಿ ಎಂದು ಯಾರೂ ಹೇಳಲಿಲ್ಲ, ಆದರೂ ಯಾರೂ ಎತ್ತಲಿಲ್ಲ. ಆಮೇಲೆ ಮಗಳು ಹುಟ್ಟಿದಳು. ತನಗೊಬ್ಬ ಅಣ್ಣನಿದ್ದನೆಂದು ಅವಳಿಗೂ ತಿಳಿಯದು. ಅವನ ಬಾಯಿ ಮುಟ್ಟಿದ ಒಂದು ವಸ್ತು ಅಟ್ಟದ ಮೇಲಾದರೂ ಇದೆಯಲ್ಲ ಎಂಬ ಸಮಾಧಾನದಲ್ಲಿ ರಮಾಮಣಿ ಆಯುಷ್ಯವೆಲ್ಲ ಕಳೆದಿದ್ದಳು. ಬೇರೆ ಮನೆ ಮಾಡಿ ಕುವೆಂಪುನಗರಕ್ಕೆ ಬರುವಾಗಲೂ ಕೇಳಲು ಬಾಯಿ ಬಂದಿರಲಿಲ್ಲ.

ಮೊಮ್ಮಗಳು ಲಹರಿಯ ಸ್ಕೂಟರಿನಲ್ಲಿ ಹಿಂದೆ ಕೂತು ಹರಾಜಿಗೆ ಬಂದದ್ದಾಯಿತು. ಮೇಜಿನ ಹಿಂದಿದ್ದವನನ್ನು ಒಂದೇ ಒಂದು ಒಳಲೆ ಬಿಡಿಯಾಗಿ ಕೊಡಿ ಎಂದು ಬೇಡಿಕೊಂಡಳು.

“ಲಾಟ್ ಒಡೆಯೋಕೆ ಬರಲ್ಲ ಮೇಡಂ. ಸವಾಲ್ ಕೂಗಿ, ತಗೊಳ್ಳಿ,” ಎಂದು ಅವನು ನಗುನಗುತ್ತಲೇ ಹೇಳಿದ. ನಗುವವರ ಹತ್ತಿರ ಜಗಳವನ್ನಾದರೂ ಹೇಗೆ ಆಡುವುದು?

ಆ ಲಾಟಿನ ಸರದಿ ಬಂದಾಗ ರಮಾಮಣಿ ಮೊದಲು ಕೈ ಎತ್ತಿದಳು. ಲಹರಿ ಕಣ್ಣರಳಿಸಿ, “ಅಜ್ಜಿ, ಅಷ್ಟು ದೊಡ್ಡ ದೀಪಾನ ನಮ್ಮನೇಲಿ ಎಲ್ಲಿ ನೇತಾಕ್ತೀಯ? ಫ್ಯಾನ್ ತೆಗೀಬೇಕಷ್ಟೆ,” ಎಂದು ಪಿಸುಗುಟ್ಟಿದಳು. ರಮಾಮಣಿ ಇನ್ನೊಮ್ಮೆ ಕೈ ಎತ್ತಿದಳು. ಅಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು ವ್ಯಾಪಾರಿಗಳಿಗೆ ದೀಪದ ಮೇಲೆ ಹಟ ಹತ್ತಿತು. ಒಬ್ಬ ಕೂಗಿದರೆ ಇನ್ನೊಬ್ಬ ಅದರ ಮೇಲೆ ಕೂಗುತ್ತಿದ್ದ. ದೀಪಕ್ಕಾಗಿ ಏರಿದ ಬೆಲೆ ಒಳಲೆಗಳನ್ನೂ ಎತ್ತಿಕೊಂಡು ಅವಳ ಕೈಗೆಟುಕದಷ್ಟು ಮೇಲೆ ಹೋಯಿತು. ಆ ಒಳಲೆಗಳ ಕಡೆ ಇಬ್ಬರಲ್ಲಿ ಒಬ್ಬನೂ ತಿರುಗಿ ನೋಡಿರಲಿಲ್ಲ. ರಮಾಮಣಿಗೆ ಎದ್ದು ನಿಂತು ಕಿರುಚಬೇಕೆನಿಸಿತು. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಸುತ್ತಿಗೆ ಕುಟ್ಟಿದರು.

ಗೆದ್ದವನು ದೇವರಾಜು ಎಂಬ ವ್ಯಾಪಾರಿ. ಉದಯಗಿರಿಯಲ್ಲಿ ಹಳೇ ಸಾಮಾನಿನ ಅಂಗಡಿ. ಅಂಗಳದಲ್ಲಿ ಸಾಮಾನನ್ನು ಗೂಡ್ಸ್ ಆಟೋಗೆ ಹೇರಿಸುತ್ತಿದ್ದವನ ಹತ್ತಿರ ರಮಾಮಣಿ ಹೋದಳು. ಲಹರಿ ಸ್ಕೂಟರ್ ತರಲು ಹೋಗಿದ್ದಳು. ಯಾರ ಮುಂದೆಯೂ ಆಡದ ಮಾತನ್ನು ಮುಖಪರಿಚಯವೂ ಇಲ್ಲದ ಆ ಮನುಷ್ಯನ ಮುಂದೆ ಆಡಿಬಿಟ್ಟಳು. “ಆ ಒಳಲೆಗಳಲ್ಲಿ ಒಂದು ನನ್ನ ಮಗೂದಪ್ಪ. ಮಗು ಉಳೀಲಿಲ್ಲ.”

ದೇವರಾಜು ಹೇರುತ್ತಿದ್ದ ಹುಡುಗರನ್ನು ನಿಲ್ಲಿಸಿದ. ಆಮೇಲೆ ತಾನೇ ಆಟೋ ಹತ್ತಿ ಒಳಲೆಗಳ ತಟ್ಟೆ ಇಳಿಸಿ, ಕಟ್ಟೆಯ ಮೇಲಿಟ್ಟ.

“ಮೊದ್ಲೇ ಏಳ್ಬಾರ್ದೇನಮ್ಮ! ನಾಲ್ಕೂ ಕೊಟ್ಬುಡ್ತಿದ್ದೆ, ಆದ್ರೆ ಈಗ್ತಾನೆ ಫೋಟೋ ಕಳ್ಸುದ್ನಾ, ರೆಸಾರ್ಟ್‌ನೋರು ಗೋಡೆಗಾಕಕ್ಕೆ ನಾಲ್ಕೂ ಬೇಕು ಅಂತ ಅಡ್ವಾನ್ಸ್ ಹಾಕ್ಬುಟ್ಟವ್ರೆ. ಒಂದು ಕಮ್ಮಿ ಬಿದ್ರೆ ನನ್ ಅಂಗ್ಡೀದು ಸೇರುಸ್ತೀನಿ. ನಿಮ್ದು ನೀವು ತಗೊಳಿ. ಕಾಸೇನೂ ಬ್ಯಾಡ. ಯಾವ್ದು ನಿಮ್ದು?”

ರಮಾಮಣಿಗೆ ಅವನ ಕಾಲಿಗೆ ಬೀಳೋಣವೆನಿಸಿತು. ಬಗ್ಗಿ ಒಂದು ಒಳಲೆ ಎತ್ತಿ ತಳ ನೋಡಿದಳು. ರಾತ್ರಿ ಮಗು ಅತ್ತಾಗ ಅಡುಗೆಮನೆಗೆ ಹೋಗಲು ಸೋಮಾರಿತನಪಟ್ಟು, ಒಳಲೆಯನ್ನೇ ದೀಪದ ಕುಡಿಗೆ ಹಿಡಿದು ಹಾಲು ಬೆಚ್ಚಗೆ ಮಾಡುತ್ತಿದ್ದಳು. ತಳ ಕಪ್ಪಗೆ ಸುಟ್ಟಿತ್ತು. ಹುಣಸೇಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲವೆಂದು ಅತ್ತೆ ಬೈದಿದ್ದರು. ಎತ್ತಿದ್ದರ ತಳ ಥಳಥಳ ಹೊಳೆಯಿತು. ಎರಡನೆಯದೂ ಹೊಳೆಯಿತು. ನಾಲ್ಕನ್ನೂ ಬೋರಲು ಹಾಕಿದಳು.

“ಹರಾಜಿನೋರು ಪಾಲಿಶ್ ಒಡ್ದವ್ರಮ್ಮ,” ಎಂದ ದೇವರಾಜು. “ಆಸಿಡ್ಡಿಗೆ ಅದ್ದಿ ಮೆಷಿನ್ನಿಗೆ ಕೊಡ್ತಾರೆ. ಒಳಪು ಬಂದ್ರೆ ರೇಟ್ ಬತ್ತದೆ ಅಂತ.”

ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಸರಿಯಾಗಿ ಕೂತಿತು. ಇನ್ನೊಂದೂ ಅಷ್ಟೇ ಸರಿಯಾಗಿ ಕೂತಿತು. ಮೂತಿಗಳ ಮೇಲೆ ಬೆರಳಾಡಿಸಿದಳು. ಕಣ್ಣು ಮುಚ್ಚಿ ತೂಕ ನೋಡಿದಳು. ಹೆತ್ತ ಕೈಗೆ ಗುರುತು ಸಿಕ್ಕೀತೆಂದು ನಂಬಿದ್ದಳು, ಸಿಗಲಿಲ್ಲ. ತನ್ನ ಮೇಲೆಯೇ ಅವಳಿಗೆ ಅಸಹ್ಯ ಹುಟ್ಟಿತು. ಒಂದನ್ನು ತೆಗೆದುಕೊಂಡು ಎರಡು ಹೆಜ್ಜೆ ಹೋದವಳು ವಾಪಸು ಬಂದು ಬದಲಾಯಿಸಿದಳು. ಮತ್ತೆ ಬಂದು ಬದಲಾಯಿಸಿದಳು. ದೇವರಾಜು ರೇಗಲಿಲ್ಲ, ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಗೆ ಅವನೇ ಒಂದನ್ನು ಅವಳ ಕೈಯಲ್ಲಿಟ್ಟು, “ಇದೇ ಅಂದ್ಕೊಳಿ ಅವ್ವಾ,” ಎಂದು ಉಳಿದ ಮೂರನ್ನು ಗೋಣಿಯಲ್ಲಿ ಸುತ್ತಿಸಿ ಆಟೋ ಹತ್ತಿದ.

ಆಟೋ ಗೇಟು ದಾಟುವವರೆಗೂ ರಮಾಮಣಿ ಅದನ್ನೇ ನೋಡುತ್ತಿದ್ದಳು. ಲಹರಿ ಸ್ಕೂಟರ್ ನಿಲ್ಲಿಸಿ ಅಜ್ಜಿಯ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಅಯ್ಯೋ, ಎಷ್ಟು ಮುದ್ದಾಗಿದೆ! ಇದಕ್ಕೋಸ್ಕರ ಬಂದ್ಯಾ? ಯಾರ್ದಜ್ಜಿ ಇದು?”

ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಕೇಳದ ಪ್ರಶ್ನೆ. ವಾಗೀಶ ಎಂಬ ಹೆಸರು ಅವಳ ನಾಲಿಗೆಯ ಮೇಲೆ ಬಂತು. ಬಂದು ಅಲ್ಲೇ ನಿಂತಿತು.

“ಗೊತ್ತಿಲ್ಲ ಕಣೇ,” ಎಂದಳು.