ಗಾಣದ ನಿಶಾನಿ

ದೇವರು ಕೊಟ್ಟ ಬೆರಳಿನಿಂದ ಸುಳ್ಳು ಬರೆಯಬಾರದು ಎಂಬುದು ಹನುಮಂತ್ರಾಯರ ವ್ರತ. ಮಾನ್ವಿಯ ಕಚೇರಿಯೆದುರಿನ ಬೇವಿನ ಮರದಡಿ ಮಣೆ ಹಾಕಿಕೊಂಡು ಊರವರ ಅರ್ಜಿ, ಕರಾರು ಬರೆಯುತ್ತಲೇ ಅವರ ತಲೆ ನೆರೆದಿತ್ತು. ಅಕ್ಷರ ಬಾರದವರು ಬರಹದ ಕೆಳಗೆ ತಂತಮ್ಮ ಕಸುಬಿನ ನಿಶಾನಿಯ ಚಿತ್ರ ತೆಗೆಯುವುದು ಆ ಸೀಮೆಯ ವಾಡಿಕೆ. ಒಕ್ಕಲಿಗ ನೇಗಿಲು ತೆಗೆದರೆ ಹೆಂಗಸರು ಬಳೆ. ಎಣ್ಣೆ ವ್ಯಾಪಾರಿ ಗಡಿಗೆಪ್ಪನದು ಗಾಣ.

ಆ ಗಡಿಗೆಪ್ಪ ವಿಧವೆ ಹೀರಾಬಿಯಿಂದ ಐನೂರು ರೂಪಾಯಿ ಸಾಲ ಪಡೆದು, ರಾಯರು ಬರೆದ ಪತ್ರಕ್ಕೆ ಗಾಣ ತೆಗೆದುಕೊಟ್ಟಿದ್ದ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅಷ್ಟೇ. ಯುದ್ಧ ಬಂದು ಎಣ್ಣೆಯ ಬೆಲೆ ಮುಗಿಲು ಮುಟ್ಟಿತು, ಗಡಿಗೆಪ್ಪ ಮಾಳಿಗೆ ಮನೆ ಕಟ್ಟಿಸಿದ. ಅವಳು ಕೇಳಲು ಹೋದರೆ, "ಯಾವ ರೊಕ್ಕ ಬೇ? ಯಾವ ಪತ್ರ?" ಎಂದುಬಿಟ್ಟ. ಅವಳು ರಾಯಚೂರಿನ ಅದಾಲತ್ತಿನಲ್ಲಿ ದಾವೆ ಹೂಡಿದಳು. ಪತ್ರಕ್ಕೆ ಸಾಕ್ಷಿ ಹಾಕಿದವನು ಕಾಲರಾದಲ್ಲಿ ತೀರಿಹೋಗಿದ್ದ. ಪತ್ರ ನಿಜವೆಂದು ಹೇಳಲು ಉಳಿದವರು ಬರೆದ ರಾಯರೊಬ್ಬರೇ.

ವಿಚಾರಣೆಗೆ ಎರಡು ದಿನವಿರುವಾಗ, ಸುಡುಬಿಸಿಲಿನಲ್ಲಿ, ಗಡಿಗೆಪ್ಪ ಇಬ್ಬರು ಆಳುಗಳೊಡನೆ ಬೇವಿನಡಿಗೆ ಬಂದ.

"ರಾಯರ, ದೇವದುರ್ಗದಾಗ ನಿಮ್ಮ ಮಗಳ ಮನಿ ಅದಲ್ಲ? ಒಂದು ತಿಂಗಳು ಉಂಡು ಮಲಕ್ಕೊಂಡು ಬರ್ರಿ. ಗಾಡಿ ಖರ್ಚು ನಂದು."

"ಸಾಕ್ಷಿ ಹೇಳಿ ಹೋಗ್ತೀನಪ್ಪಾ. ಹೋಗಬೇಕಾದ್ರ ಮಗಳಿಗೆ ನಿನ್ನ ಎಣ್ಣಿನs ಒಯ್ತೀನಿ, ರೊಕ್ಕ ಎಣಿಸಿ ಕೊಟ್ಟು. ಮರೆಯೋ ಚಟ ನನಗಿಲ್ಲ."

ಸುತ್ತ ಕುಳಿತವರು ಗೊಳ್ಳೆಂದು ನಕ್ಕರು. ಆ ನಗೆ ಗಡಿಗೆಪ್ಪನ ನೆತ್ತಿಗೇರಿತು. ರಾಯರ ಜುಟ್ಟು ಹಿಡಿದು ಕೆಡವಿದ. ಆಳುಗಳು ಅವರ ಬಲಗೈಯನ್ನು ಬರೆಯುವ ಮಣೆಯ ಮೇಲೆ ಒತ್ತಿ ಹಿಡಿದರು. ಗಡಿಗೆಪ್ಪ ಅಲ್ಲೇ ನಿಂತಿದ್ದ ಗಾಡಿಯ ಗೂಟ ಕಿತ್ತು ಬಾರಿಸಿದ. ಮೊದಲ ಏಟಿಗೆ ಬೆರಳು ಮುರಿದವು. ಎರಡನೆಯದಕ್ಕೆ ಅಂಗೈ ಎಲುಬು ನುಗ್ಗಾದವು. ಮೂರನೆಯದಕ್ಕೆ ಮಣೆಯೇ ಸೀಳಿತು. ಮಸಿ ಯಾವುದು, ನೆತ್ತರು ಯಾವುದು ಗೊತ್ತಾಗದಂತೆ ಮಣ್ಣು ಕಪ್ಪಾಯಿತು. ಸುದ್ದಿ ಕೇಳಿ ಓಡಿಬಂದ ಹೀರಾಬಿ ಗಡಿಗೆಪ್ಪನ ತೋಳಿಗೆ ಹಲ್ಲು ನೆಟ್ಟಳು. ಅವನು ಅವಳ ಬಾಯಿಗೇ ಒದ್ದ. ಆಗ ನಕ್ಕಿದ್ದವರಲ್ಲಿ ಒಬ್ಬನೂ ಮೇಲೇಳಲಿಲ್ಲ.

ಅದಾಲತ್ತಿನಲ್ಲಿ ರಾಯರು ಬಿದಿರು ದಬ್ಬೆ ಕಟ್ಟಿದ ಕೈಯನ್ನು ಎದೆಗವಚಿ ನಿಂತರು. "ನಾ ಹುಟ್ಟಿದಾಗಿಂದ ಯಾವ ಕಾಗದಕ್ಕೂ ಗಾಣ ತೆಗದಿಲ್ರೀ" ಎಂದು ಗಡಿಗೆಪ್ಪ ಪ್ರಮಾಣ ಮಾಡಿದ. ಅವನ ವಕೀಲ ಮುಗುಳ್ನಕ್ಕ. "ಹುಜೂರ್, ಪತ್ರ ಇವರದೇ ಬರಹವಾದರೆ ಇಲ್ಲೇ ನಾಲ್ಕು ಸಾಲು ಬರೆದು ತೋರಿಸಲಿ."

ನೋವಿಗೆ ರಾಯರ ಕಣ್ಣು ಕತ್ತಲೆಗಟ್ಟಿತು. ಮನೆದೇವರು ನರಹರಿಯನ್ನು ನೆನೆದರು. ನೆನೆಯುತ್ತಿದ್ದಂತೆ ಬುದ್ಧಿ ಕೊಳದ ನೀರಿನಂತೆ ತಿಳಿಯಾಯಿತು.

"ನಾಕು ಸಾಲ್ಯಾಕ್ರೀ ಹುಜೂರ್? ನನ್ನ ಇಪ್ಪತ್ತು ವರ್ಷದ ಬರಹ ನಿಮ್ಮ ದಫ್ತರದಾಗs ಅದ. ಮೂರು ವರ್ಷದ ಹಿಂದ ಈ ಗಡಿಗೆಪ್ಪ ಬಾಜೂ ಮನಿಯವರ ಮ್ಯಾಲೆ ಗ್ವಾಡಿ ತಕರಾರು ಹಾಕಿದ್ದ. ಬರದಾವ ನಾನು. ಆ ಅರ್ಜಿ ತರಸ್ರಿ."

ಧೂಳು ಕೊಡವಿ ಕಟ್ಟು ಬಿಚ್ಚಿದರು. ಅರ್ಜಿಯಲ್ಲೂ ಪತ್ರದಲ್ಲೂ ಒಂದೇ ಬರಹ. ಎರಡರ ಕೆಳಗೂ ಗಾಣ, ಎರಡರಲ್ಲೂ ಅದರ ಕಂಬ ಎಡಕ್ಕೇ ವಾಲಿತ್ತು.

"ಈ ಅರ್ಜಿಯಿಂದ ಪಕ್ಕದವರ ಗೋಡೆ ಕೆಡವಿಸಿದವನು ನೀನೇ ಅಲ್ಲವೇ?" ಎಂದರು ಮುನ್ಸಿಫ್ ಸಾಹೇಬರು.

ಗಡಿಗೆಪ್ಪ ಕಟಕಟೆ ಹಾರಿ ರಾಯರ ಗಂಟಲು ಹಿಚುಕಿದ. ಅವರ ತಲೆಯನ್ನು ಮರದ ಕಂಬಕ್ಕೆ ಜಜ್ಜಿದ. "ಬರೇ ಕೈ ಮುರಿದು ಬಿಟ್ಟಿದ್ದs ತಪ್ಪಾತಲೇ! ಅವತ್ತs ಕುತಗಿ ಮುರೀಬೇಕಿತ್ತು!"

ಜವಾನರ ಲಾಠಿ ಅವನ ಬೆನ್ನಿನ ಮೇಲೆ ಬಿದ್ದು, ಅವನು ಬೋರಲಾಗಿ ಉರುಳುವವರೆಗೂ ಆ ಹಿಡಿತ ಸಡಿಲಲಿಲ್ಲ. "ಅವನ ಮಾತನ್ನು ಹಾಗೇ ಬರೆದುಕೊಳ್ಳಿ" ಎಂದರು ಸಾಹೇಬರು ಗುಮಾಸ್ತನಿಗೆ.

ಪತ್ರ ಊರ್ಜಿತವೆಂದು ತೀರ್ಪಾಯಿತು. ಹೀರಾಬಿಯ ಹಣ ಬಡ್ಡಿ ಸಮೇತ ಕೊಡತಕ್ಕದ್ದು. ಗಡಿಗೆಪ್ಪನನ್ನು ಬೇಡಿ ತೊಡಿಸಿ ಎಳೆದೊಯ್ದರು.

ಗುಮಾಸ್ತ ಹೇಳಿಕೆಯ ಕಾಗದವನ್ನು ರಾಯರ ಮುಂದಿಟ್ಟು ಸಹಿಗೆ ಲೆಕ್ಕಣಿಕೆ ಚಾಚಿದ. ಚಾಚಿದವನೇ ನಾಲಿಗೆ ಕಚ್ಚಿಕೊಂಡ. ರಾಯರ ಹಣೆಯಿಂದ ನೆತ್ತರು ಇಳಿಯುತ್ತಿತ್ತು. ಅವರು ಎಡಗೈ ನೀಡಿದರು.

"ಹೆಬ್ಬೆಟ್ಟಿಗೆ ಮಸಿ ಹಚ್ಚಪ್ಪಾ. ನನಗ ಹೊಸದು, ಚೂರು ಹೇಳಿಕೊಡು."

ಒತ್ತಿದ ಮೇಲೆ ಮಸಿ ಒರೆಸಿಕೊಳ್ಳಲು ಅವರು ಅತ್ತಿತ್ತ ನೋಡುವಷ್ಟರಲ್ಲಿ, ಹಲ್ಲುದುರಿದ ಬಾಯಿಂದ ಮಾತೇ ಹೊರಡದ ಹೀರಾಬಿ ತನ್ನ ಸೆರಗು ಚಾಚಿ ನಿಂತಿದ್ದಳು.